ನಿಮಗಿದು ಗೊತ್ತೆ? ಘನದೊಳಗೂ ಜಿಗಿಯುವ ಪರಮಾಣು

ಲೋಹದ ತುಂಡು ಕಣ್ಣಿಗೆ ನಿಶ್ಚಲ. ಒಳಗೆ ಮಾತ್ರ ಪರಮಾಣುಗಳು ಪಕ್ಕದ ಖಾಲಿ ಜಾಗಕ್ಕೆ ಜಿಗಿಯುತ್ತಲೇ ಇರುತ್ತವೆ. ಈ ವಿಸರಣೆಯ ಸುಳಿವು ಎನ್‌ಎಂಆರ್ (ಬೀಜಕೇಂದ್ರೀಯ ಕಾಂತೀಯ ಅನುರಣನ) ಪ್ರಯೋಗದಲ್ಲಿ ಸಿಗುತ್ತದೆ. ಕಾಂತಕ್ಷೇತ್ರದಲ್ಲಿಟ್ಟ ಬೀಜಕೇಂದ್ರಗಳನ್ನು ರೇಡಿಯೊ ತರಂಗದಿಂದ ಕದಲಿಸಿದರೆ, ಅವು ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಹೊತ್ತೇ ವಿಶ್ರಾಂತಿ ಕಾಲ. ನೆರೆಯ ಪರಮಾಣು ಜಿಗಿದಾಗಲೆಲ್ಲ ಬೀಜಕೇಂದ್ರದ ಸುತ್ತಲಿನ ಕಾಂತಕ್ಷೇತ್ರ ಅಲುಗಿ, ಅದು ಮರಳಲು ನೆರವಾಗುತ್ತದೆ. ಬೀಜಕೇಂದ್ರವೋ ಬುಗುರಿಯಂತೆ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಓಲಾಡುತ್ತಿರುತ್ತದೆ. ಲೋಹ ಕಾದು ಜಿಗಿತದ ವೇಗ ಆ ಓಲಾಟಕ್ಕೆ ಸರಿಸುಮಾರು ಸಮನಾದಾಗ, ಜಿಗಿತದಿಂದಾಗುವ ವಿಶ್ರಾಂತಿಯ ಕಾಲ ಅತಿ ಕಡಿಮೆಯಾಗುತ್ತದೆ. 1948ರಲ್ಲಿ ಭೌತವಿಜ್ಞಾನಿಗಳಾದ ಬ್ಲೂಂಬರ್ಗನ್, ಪರ್ಸೆಲ್, ಪೌಂಡ್ ಈ ನಂಟನ್ನು ಸರಳ ಸೂತ್ರಕ್ಕೆ ಇಳಿಸಿದರು. 1953ರಲ್ಲಿ ಭೌತವಿಜ್ಞಾನಿ ಟೋರಿ ಗೊತ್ತುಗುರಿಯಿಲ್ಲದ ಜಿಗಿತಗಳನ್ನೇ ಲೆಕ್ಕಕ್ಕೆ ತಂದದ್ದು ನಿಜಕ್ಕೂ ದೊಡ್ಡ ಹೆಜ್ಜೆ. ಬ್ಯಾಟರಿಗೆಂದು ತಯಾರಿಸುವ ಘನವಸ್ತುಗಳಲ್ಲಿ ಲಿಥಿಯಂ ಅಯಾನು ಎಷ್ಟು ಚುರುಕು ಎಂಬುದನ್ನು ಇಂದಿಗೂ ಹೀಗೆ ಅಳೆಯುತ್ತಾರೆ.