ಅರ್ಬುದದ ಔಷಧವೂ ಮೈಮೇಲಿನ ಗುಳ್ಳೆಗಳೂ

ಶ್ವಾಸಕೋಶದ ಅರ್ಬುದಕ್ಕೆ ಮಾತ್ರೆ ನುಂಗಲಾರಂಭಿಸಿದ ತಮ್ಮ ಹಿರಿಯರಿಗೆ ಎರಡನೆಯ ವಾರದಲ್ಲಿಯೇ ಮುಖ, ಎದೆ, ಬೆನ್ನುಗಳ ಮೇಲೆ ಮೊಡವೆಯಂಥ ಗುಳ್ಳೆಗಳೆದ್ದುವೆಂದೂ, ಇದು ಔಷಧದ ಉಷ್ಣವೋ ರೋಗದ ಉಲ್ಬಣವೋ ತಿಳಿಯದೆ ಮಾತ್ರೆಯನ್ನೇ ನಿಲ್ಲಿಸಬೇಕೆಂದಿರುವೆವೆಂದೂ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನ ಓದುಗರೊಬ್ಬರು ಬರೆದಿದ್ದಾರೆ. ಅದು ಉಷ್ಣವೂ ಅಲ್ಲ, ಉಲ್ಬಣವೂ ಅಲ್ಲ; ಔಷಧವು ಕೆಲಸಮಾಡುವ ಬಗೆಯಿಂದಲೇ ಏಳುವಂಥದು. ಅದನ್ನು ತಿಳಿಯಲು ಹಿಂದಿನ ಒಂದು ಶೋಧದಿಂದ ಆರಂಭಿಸಬೇಕು.

ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಸ್ಟ್ಯಾನ್ಲಿ ಕೊಹೆನ್ ಎಂಬ ವಿಜ್ಞಾನಿ ಇಲಿಯ ಲಾಲಾಗ್ರಂಥಿಯ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಎರಡು ವಾರಗಳ ಹೊತ್ತಿಗೆ ತೆರೆಯಬೇಕಾದ ಅವುಗಳ ಕಣ್ಣುರೆಪ್ಪೆಗಳು ಒಂದೇ ವಾರದಲ್ಲಿ ತೆರೆದುಕೊಂಡುವು. ಆ ಸಾರದಲ್ಲಿ ಅಡಗಿದ್ದ, ಹೊರಚರ್ಮವನ್ನು ಬೆಳೆಸುವ ಪ್ರೋಟೀನನ್ನು ಅವರು 1962ರಲ್ಲಿ ಪ್ರಕಟಪಡಿಸಿದರು. ಈ ಶೋಧಕ್ಕಾಗಿ 1986ರಲ್ಲಿ ವಿಜ್ಞಾನಿ ರೀಟಾ ಲೆವಿ-ಮೊಂತಾಲ್ಚೀನಿಯವರೊಡನೆ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡರು. ಈ ಪ್ರೋಟೀನು ಬಂದು ಕೂಡತಕ್ಕ, ಇ.ಜಿ.ಎಫ್.ಆರ್. ಎಂಬ ಗ್ರಾಹಕವು ಹಲವು ಅರ್ಬುದಗಳಲ್ಲಿ ಮಿತಿಮೀರಿ ಕೆಲಸಮಾಡುವುದರಿಂದ, ಅದನ್ನು ತಡೆಯುವ ಜೆಫಿಟಿನಿಬ್, ಎರ್ಲೊಟಿನಿಬ್, ಸೆಟುಕ್ಸಿಮ್ಯಾಬ್‌ಗಳು ಔಷಧಗಳಾದುವು.

ಆದರೆ ಅದೇ ಗ್ರಾಹಕವು ಹೊರಚರ್ಮದ ತಳಪದರದಲ್ಲಿಯೂ ರೋಮಕೂಪಗಳಲ್ಲಿಯೂ ಉಗುರಿನ ಅಂಚಿನಲ್ಲಿಯೂ ಉಂಟು. ಕಳೆ ಒಣಗಲೆಂದು ತುಂಗಭದ್ರಾ ಎಡದಂಡೆ ಕಾಲುವೆಯ ತೂಬನ್ನು ಮುಚ್ಚಿದರೆ, ಅದೇ ನೀರನ್ನು ನಂಬಿದ ಭತ್ತದ ಗದ್ದೆಯೂ ಬಿರುಕುಬಿಡುವಂತೆ, ಅರ್ಬುದದ ಬೆಳವಣಿಗೆಯನ್ನು ತಡೆಯುವ ಔಷಧವು ಚರ್ಮದ ನಿತ್ಯನವೀಕರಣವನ್ನೂ ತಡೆಯುತ್ತದೆ. ಗುಳ್ಳೆಗಳೇಳುವುದೂ, ಚರ್ಮ ಒಣಗುವುದೂ, ಉಗುರುಸಂದು ಬಾಯುವುದೂ, ತಲೆಗೂದಲು ತೆಳುವಾಗಿ ಸುರುಳಿಗೊಳ್ಳುವುದೂ, ರೆಪ್ಪೆಗೂದಲು ನೀಳವಾಗಿ ಬೆಳೆಯುವುದೂ ಈ ಒಂದೇ ಕಾರಣದಿಂದ.

ಹವಾನಾದ ವಿಜ್ಞಾನಿಗಳು ರೂಪಿಸಿ, ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2006ರಲ್ಲಿ ತಲೆ-ಕುತ್ತಿಗೆಯ ಅರ್ಬುದಕ್ಕಾಗಿ ಭಾರತದಲ್ಲಿ ಬಿಡುಗಡೆಮಾಡಿದ ನಿಮೊಟುಜುಮ್ಯಾಬ್ ಈ ದೃಷ್ಟಿಯಿಂದ ವಿಶೇಷವಾದುದು. ಅದರ ಹಿಡಿತವು ಸೌಮ್ಯವಾದುದರಿಂದ ಅದು ಭದ್ರವಾಗಿ ನಿಲ್ಲಬೇಕಾದರೆ ಎರಡು ಗ್ರಾಹಕಗಳನ್ನು ಒಟ್ಟಿಗೆ ಹಿಡಿಯಬೇಕು. ಗ್ರಾಹಕಗಳು ದಟ್ಟೈಸಿರುವ ಅರ್ಬುದಕೋಶದಲ್ಲಿ ಇದು ಸುಲಭ, ವಿರಳವಾಗಿರುವ ಚರ್ಮದಲ್ಲಿ ಕಷ್ಟ. ಆದುದರಿಂದಲೇ ಅದರಿಂದೇಳುವ ಗುಳ್ಳೆಗಳು ವಿರಳ ಮತ್ತು ಸೌಮ್ಯ.

ಸೆಟುಕ್ಸಿಮ್ಯಾಬ್, ಎರ್ಲೊಟಿನಿಬ್‌ಗಳನ್ನು ಪಡೆದವರಲ್ಲಿ ಗುಳ್ಳೆಯೆದ್ದವರಿಗೆ ಔಷಧವು ಹೆಚ್ಚು ಫಲಿಸಿದುದನ್ನು ಅನೇಕ ಅಧ್ಯಯನಗಳು ಕಂಡಿವೆ. ಆದರೂ ಗುಳ್ಳೆ ಏಳದವರು ಎದೆಗುಂದಬೇಕಾಗಿಲ್ಲ. ಇನ್ನು ಆರೈಕೆಯ ಮಾತು. ನಿಮ್ಮ ರಾಯಚೂರು ಸೀಮೆಯ ಬಿಸಿಲು ಈ ಗುಳ್ಳೆಗಳನ್ನು ಕೆರಳಿಸುವಂಥದು. ತಲೆಗೆ ಟವೆಲ್, ಮೈತುಂಬ ಬಟ್ಟೆ, ವಾಸನೆಯಿಲ್ಲದ ತೇವಕಾರಕ ಮುಲಾಮು ಇವು ಅವಶ್ಯ. ಚರ್ಮವನ್ನು ಮತ್ತಷ್ಟು ಒಣಗಿಸುವ ಮೊಡವೆಯ ಮುಲಾಮು ಬೇಡ; ವೈದ್ಯರು ಡಾಕ್ಸಿಸೈಕ್ಲಿನ್ ಮುಂತಾದುವನ್ನು ಕೊಡಬಲ್ಲರು. ಜ್ವರ, ಕೀವು, ನೀರ್ಗುಳ್ಳೆ, ಬಾಯಿ-ಕಣ್ಣುಗಳಲ್ಲಿ ಹುಣ್ಣು ಕಂಡರೆ ಒಡನೆಯೇ ಆಸ್ಪತ್ರೆಗೆ ಹೋಗಿರಿ. ವೈದ್ಯರನ್ನು ಕೇಳದೆ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿರಿ.