ಚಿಟ್ಟಿಲಿಯ ಗುಂಡಿಗೆಯೂ ಅಯಸ್ಕಾಂತದ ಬಳೆಯೂ

‘ರಕ್ತದಲ್ಲಿ ಕಬ್ಬಿಣವಿದೆ ಅಂತೀರಿ. ಹಾಗಾದರೆ ಎಂಆರ್‌ಐ ಯಂತ್ರದೊಳಗೆ ಮಲಗಿದವರ ರಕ್ತವನ್ನು ಅಯಸ್ಕಾಂತ ಎಳೆಯುವುದಿಲ್ಲವೇ?’ ಓದುಗರೊಬ್ಬರ ಪ್ರಶ್ನೆ. ಸೊಗಸಾದ ಪ್ರಶ್ನೆ. ಇದಕ್ಕೆ ಪ್ರಯೋಗಾಲಯದ ಚಿಟ್ಟಿಲಿಯನ್ನೇ ಸಾಕ್ಷಿಗೆ ಕರೆಯೋಣ.

ಆಸ್ಪತ್ರೆಯ ಎಂಆರ್‌ಐ ಯಂತ್ರಗಳ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಇಲಿಗಳಿಗೆಂದೇ ಮಾಡಿದ ಯಂತ್ರಗಳಲ್ಲಿ 7, 9.4 ಟೆಸ್ಲಾ ಕೂಡ ಉಂಟು. 7 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಲಕ್ಷ ಪಟ್ಟಿಗೂ ಮಿಗಿಲು. ಇಷ್ಟು ಬಲ ಏಕೆಂದರೆ, ನೋಡಬೇಕಾದ ಚಿಟ್ಟಿಲಿಯ ಗುಂಡಿಗೆ ಅಲಸಂದೆ ಕಾಳಿನಷ್ಟು. ತೂಕ ಕಾಲು ಗ್ರಾಮೂ ಇಲ್ಲ. ಮೇಲಾಗಿ ನಿಮಿಷಕ್ಕೆ 500–600 ಬಡಿತ!

ಹತ್ತನೇ ಒಂದು ಸೆಕೆಂಡಿನಲ್ಲಿ ಮುಗಿದುಹೋಗುವ ಬಡಿತದ ಚಿತ್ರವನ್ನು ಒಂದೇ ಏಟಿಗೆ ತೆಗೆಯಲಾಗದು. ಹಾಗಾಗಿ ಅರಿವಳಿಕೆ ಕೊಟ್ಟು, ಮೈ ತಣ್ಣಗಾಗದಂತೆ ಬೆಚ್ಚಗಿಟ್ಟ ಇಲಿಗೆ ಇಸಿಜಿ ತಂತಿ ಹಚ್ಚುತ್ತಾರೆ. ಪ್ರತಿ ಬಡಿತದ ಆರಂಭಕ್ಕೆ ಯಂತ್ರ ಎಚ್ಚೆತ್ತು, ಪ್ರತಿ ಹಂತದ ಚಿತ್ರಕ್ಕೂ ಒಂದೊಂದು ಎಳೆ ಮಾಹಿತಿಯನ್ನಷ್ಟೇ ಹೆಕ್ಕುತ್ತದೆ. ಉಸಿರಿಗೆ ಎದೆ ಅಲುಗಿದಾಗ ಸುಮ್ಮನಿರುತ್ತದೆ. ನಾವು ತೆರೆಯ ಮೇಲೆ ನೋಡುವ ಒಂದು ಬಡಿತದ ಚಲನಚಿತ್ರ ನಿಜವಾಗಿ ನೂರಾರು ಬಡಿತಗಳಿಂದ ಹೆಣೆದದ್ದು. ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗುತ್ತ ಒಳಕ್ಕೆ ಮುದುಡುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಕಬ್ಬಿಣದ ಮಾತು. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತಲ್ಲ. ಹಿಮೋಗ್ಲೋಬಿನ್ ಅಣುವಿನೊಳಗೆ ಒಂಟಿ ಪರಮಾಣುಗಳಾಗಿ ಬಂಧಿಯಾಗಿದೆ. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ಅತ್ಯಲ್ಪ ದೂರ ಸರಿಯುವ ಗುಣದ್ದು, ಆಮ್ಲಜನಕ ಬಿಟ್ಟುಕೊಟ್ಟದ್ದು ಅತ್ಯಲ್ಪ ಸೆಳೆತಕ್ಕೆ ಒಳಗಾಗುವಂಥದ್ದು ಎಂದು ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದರು. ಎರಡೂ ಬಲಗಳು ರಕ್ತದ ಓಟವನ್ನು ಬದಲಿಸಲಾರದಷ್ಟು ದುರ್ಬಲ.

ಹಾಗೆಂದು ಯಂತ್ರದೊಳಗೆ ರಕ್ತಕ್ಕೆ ಏನೂ ಆಗುವುದಿಲ್ಲವೆಂದಲ್ಲ. ಉಪ್ಪುಪ್ಪಾದ ದ್ರವ ಕಾಂತಕ್ಷೇತ್ರವನ್ನು ಅಡ್ಡಹಾಯ್ದು ಹರಿದಾಗ ಚೂರು ವಿದ್ಯುತ್ ಹುಟ್ಟುತ್ತದೆ. ಅದು ಇಸಿಜಿಯಲ್ಲಿ ಬೆರೆತು ಗೆರೆಯನ್ನು ವಕ್ರವಾಗಿಸುತ್ತದೆ. ದೊಡ್ಡ ರಕ್ತನಾಳಗಳ ಮನುಷ್ಯರಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಗೆರೆ ನಂಬಲಾಗದಷ್ಟು ಕೆಟ್ಟರೆ ತಂತಿಯನ್ನೇ ಬದಿಗಿಟ್ಟು, ಚಿತ್ರದ ಸಂಕೇತದಿಂದಲೇ ಬಡಿತವನ್ನು ಗುರುತಿಸುವ ಜಾಣ ವಿಧಾನವೂ ಇದೆ. ಇಂಥ ಎಂಆರ್‌ಐ ಚಿತ್ರಣದಿಂದ ಆಗುವ ದೊಡ್ಡ ಉಪಕಾರವೆಂದರೆ, ಹೃದಯಾಘಾತದ ನಂತರ ಗುಂಡಿಗೆ ಬದಲಾಗುವ ಬಗೆಯನ್ನು ಅದೇ ಇಲಿಯಲ್ಲಿ ವಾರವಾರವೂ ನೋಡಬಹುದು. ಪ್ರತಿ ಹಂತಕ್ಕೂ ಒಂದಿಷ್ಟು ಇಲಿಗಳನ್ನು ಕೊಲ್ಲಬೇಕಿಲ್ಲ.

7 ಟೆಸ್ಲಾ ಅಯಸ್ಕಾಂತವೇ ಇಲಿಯ ರಕ್ತವನ್ನು ಎಳೆಯಲಾರದು. ಅಂದಮೇಲೆ ‘ರಕ್ತಸಂಚಾರ ಸುಧಾರಿಸುತ್ತದೆ’ ಎಂದು ಜಾತ್ರೆಯಲ್ಲೂ ಟಿವಿಯಲ್ಲೂ ಮಾರುವ ಅಯಸ್ಕಾಂತದ ಬಳೆ, ಹಾಸಿಗೆಗಳು ಏನು ಮಾಡಿಯಾವು? ಅದು ಶುದ್ಧ ಮೋಸ, ದುಡ್ಡು ಕೊಡಬೇಡಿ. ಆದರೆ ಎಂಆರ್‌ಐ ಕೋಣೆಗೆ ಹೋಗುವಾಗ ಮೈಯಲ್ಲಿರುವ ಪೇಸ್‌ಮೇಕರ್, ಕ್ಲಿಪ್ಪು, ಲೋಹದ ಚೂರುಗಳ ಬಗ್ಗೆ ಸಿಬ್ಬಂದಿಗೆ ತಪ್ಪದೆ ಹೇಳಿ. ಅಪಾಯವಿರುವುದು ಅವುಗಳಿಂದ.