ಶಸ್ತ್ರಕ್ರಿಯೆಯಾದ ಬೆಕ್ಕಿಗೆ ಹಿತವಾದ ಕಾಲರ್ ಯಾವುದು?

ಚೆನ್ನೈಯಲ್ಲಿ ನೆಲಸಿರುವ ಕನ್ನಡ ಬಂಧುಗಳಿಗೆ ಗಿಂಡಿಯ ಬ್ಲೂ ಕ್ರಾಸ್ ಸಂಸ್ಥೆ ಅಪರಿಚಿತವಲ್ಲ. 1959ರಲ್ಲಿ ಇದನ್ನು ಸ್ಥಾಪಿಸಿದ ಕ್ಯಾಪ್ಟನ್ ವಿ. ಸುಂದರಂ ಮತ್ತು ಉಷಾ ಸುಂದರಂ ದಂಪತಿಗಳು ಅದಕ್ಕೆ ಮೊದಲು ಬೆಂಗಳೂರಿನಲ್ಲಿದ್ದವರು. ಉಷಾ ಅವರು ವಿಮಾನಚಾಲನೆಯಲ್ಲಿ ತರಬೇತಿ ಪಡೆದದ್ದು ನಮ್ಮ ಜಕ್ಕೂರಿನ ಶಾಲೆಯಲ್ಲೇ ಎಂಬುದು ಅಭಿಮಾನದ ಸಂಗತಿ. ಬೀದಿನಾಯಿಗಳನ್ನು ಕೊಲ್ಲುವುದಕ್ಕೆ ಬದಲಾಗಿ ಸಂತಾನಶಕ್ತಿಹರಣ ಶಸ್ತ್ರಕ್ರಿಯೆ ಮಾಡಿ ಬಿಡುವ ಕಾರ್ಯವನ್ನು ಈ ಸಂಸ್ಥೆ 1964ರಲ್ಲಿ ಕೈಗೊಂಡಿತು. ಇಂದು ಮನೆಯ ಬೆಕ್ಕಿಗೂ ಅದೇ ಚಿಕಿತ್ಸೆ ಮಾಡಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ವೈದ್ಯರ ಕೆಲಸ ಗಂಟೆಯೊಳಗೆ ಮುಗಿಯುತ್ತದೆ. ಅನಂತರದ 10ರಿಂದ 14 ದಿನಗಳ ಹೊಣೆ ಮನೆಯವರದು.

ಬೆಕ್ಕಿನ ನಾಲಗೆಯನ್ನು ಬೆರಳಿನಿಂದ ಮುಟ್ಟಿದವರಿಗೆ ಅದರ ಒರಟುತನ ಗೊತ್ತು. ಅದರ ಮೇಲೆ ಗಂಟಲಿನತ್ತ ಬಾಗಿದ, ನಮ್ಮ ಉಗುರಿನಂಥದೇ ಗಟ್ಟಿ ವಸ್ತುವಿನಿಂದಾದ ಮುಳ್ಳುಗಳಿವೆ. ಕೂದಲನ್ನು ಬಾಚುವ ಈ ಮುಳ್ಳುಗಳೇ ಹಸಿಗಾಯವನ್ನು ಕೆರೆದು, ಹೊಲಿಗೆಯ ದಾರವನ್ನೂ ಸಡಿಲಿಸುತ್ತವೆ. ಪ್ರಾಣಿ ತನ್ನ ಗಾಯವನ್ನು ತಾನೇ ನೆಕ್ಕಿ ವಾಸಿಮಾಡಿಕೊಳ್ಳುತ್ತದೆಂಬ ನಮ್ಮ ಹಿರಿಯರ ನಂಬಿಕೆ ಹೊಲಿಗೆ ಹಾಕಿದ ಹೊಟ್ಟೆಗೆ ಸಲ್ಲದು.

ಆದಕಾರಣ ಕೊರಳಿಗೆ ಆಲಿಕೆಯಾಕಾರದ ಕಾಲರ್ ತೊಡಿಸುತ್ತಾರೆ. 16ನೆಯ ಶತಮಾನದ ಇಂಗ್ಲೆಂಡಿನ ರಾಣಿ ಎಲಿಜಬೆತ್ತಳ ಕಾಲದ ನಿರಿಗೆಗೊರಳಪಟ್ಟಿಯನ್ನು ಹೋಲುವುದರಿಂದ ಇದಕ್ಕೆ ಎಲಿಜಬೆತ್ ಕಾಲರ್ ಎಂದು ಹೆಸರು. ಇದನ್ನು ತೊಟ್ಟ ಬೆಕ್ಕು ಮೊದಲ ದಿನ ಹಿಮ್ಮುಖವಾಗಿ ನಡೆಯುತ್ತದೆ, ಬಾಗಿಲಿಗೆ ಢಿಕ್ಕಿ ಹೊಡೆಯುತ್ತದೆ, ಮುನಿಸಿಕೊಂಡು ಮೂಲೆ ಸೇರುತ್ತದೆ. ಮನೆಯವರು ಕನಿಕರಪಟ್ಟು ಬಿಚ್ಚಿಬಿಡುತ್ತಾರೆ. ಹೊಲಿಗೆ ಕಿತ್ತುಹೋಗಲು ಎಲ್ಲರೂ ಮಲಗಿರುವ ಒಂದು ರಾತ್ರಿ ಸಾಕು. ಆದ್ದರಿಂದ ಹಿತವಾದ ಕಾಲರ್ ಎಂದರೆ ಮೆತ್ತಗಿರುವುದು ಎಂದಲ್ಲ. ಬಿಚ್ಚಬೇಕಾದ ಪ್ರಸಂಗವೇ ಬಾರದಂತೆ ಅಳತೆಗೆ ಒಪ್ಪುವುದು ಎಂದರ್ಥ.

ಅಳತೆ ಹೀಗಿರಬೇಕು: ಕಾಲರಿನ ಅಂಚು ಮೂಗಿನ ತುದಿಯಿಂದ ಸುಮಾರು 2 ಸೆಂಟಿಮೀಟರ್ ಮುಂದಿರಬೇಕು. ಕೊರಳಿನ ಬಳಿ ಒಂದು ಅಥವಾ ಎರಡು ಬೆರಳು ತೂರುವಷ್ಟು ಎಡೆ ಸಾಕು. ಹೆಚ್ಚು ಸಡಿಲವಾದರೆ ಬೆಕ್ಕು ಮುಂಗಾಲನ್ನು ಅದರೊಳಗೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನದಾದರೆ ಪಾರದರ್ಶಕವಾದುದೇ ಲೇಸು, ಅಕ್ಕಪಕ್ಕ ಕಾಣುವುದರಿಂದ ಬೆಕ್ಕಿನ ಗಾಬರಿ ಕಡಿಮೆಯಾಗುತ್ತದೆ. ಒಳ ಅಂಚು ಚುಚ್ಚದಂತೆ ಹತ್ತಿಬಟ್ಟೆಯನ್ನು ಸುತ್ತಿ ಹೊಲಿಯಬೇಕು. ಹಳೆಯ ಎಕ್ಸ್‌ರೇ ಹಾಳೆಯಿಂದ ಕಾಲರ್ ಮಾಡಿಕೊಳ್ಳುವ ಜಾಣರೂ ಉಂಟು. ಅಂಥವರು ಅಂಚಿಗೆಲ್ಲ ಪಟ್ಟಿ ಅಂಟಿಸುವುದನ್ನು ಮರೆಯಬಾರದು.

ಬಟ್ಟೆಯ ಮೆತ್ತನೆಯ ಕಾಲರಿನಲ್ಲಿ ಮಲಗುವುದು ಸುಲಭ. ಆದರೆ ಹಟಮಾರಿ ಬೆಕ್ಕು ಅದನ್ನು ಮಡಿಸಿ ಗಾಯವನ್ನು ಮುಟ್ಟಬಲ್ಲದು. ಮೇಲಾಗಿ ಚೆನ್ನೈಯ ಸೆಕೆಗೆ ಜೊಲ್ಲು, ಅನ್ನದ ಅಗುಳು ಸೇರಿ ಬೇಗ ನಾರುತ್ತದೆ; ಎರಡನ್ನು ಇಟ್ಟುಕೊಂಡು ಒಗೆದು ಬದಲಿಸುವುದು ಮೇಲು. ಗಾಳಿ ತುಂಬುವ ಬಳೆಯಾಕಾರದ ಕಾಲರನ್ನು ನಾನು ಬೆಕ್ಕಿಗೆ ಶಿಫಾರಸು ಮಾಡಲಾರೆ. ಬೆಕ್ಕಿನ ಬೆನ್ನೆಲುಬು ಬಿಲ್ಲಿನಂತೆ ಬಾಗುತ್ತದೆ. ಬಳೆಯನ್ನು ಬಳಸಿಕೊಂಡು ಬಾಯಿ ಹೊಟ್ಟೆಗೆ ತಲುಪುತ್ತದೆ. ಕಾಲರನ್ನು ಸರ್ವಥಾ ಒಲ್ಲದ ಬೆಕ್ಕಿಗೆ, ಗಾಯ ಹೊಟ್ಟೆಯ ಮೇಲಿದ್ದರೆ, ಮೈಗೆ ಹೊಂದುವ ಅಂಗಿ ತೊಡಿಸಬಹುದು. ಅದು ಒದ್ದೆಯಾದೊಡನೆ ಬದಲಿಸಬೇಕು.

ಊಟಕ್ಕೆ ಆಳವಿಲ್ಲದ, ಕಾಲರಿನೊಳಗೆ ಹಿಡಿಸುವಂಥ ಚಿಕ್ಕ ತಟ್ಟೆಯನ್ನು ಸ್ವಲ್ಪ ಎತ್ತರದಲ್ಲಿಡಿ. ಮಲವಿಸರ್ಜನೆಯ ಟ್ರೇಗೆ ಮುಚ್ಚಳ ಬೇಡ. ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ ಮುನಿಸೆಂದು ಉಪೇಕ್ಷಿಸದೆ ವೈದ್ಯರಿಗೆ ತಿಳಿಸಬೇಕು. ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತು ಕೆಡುತ್ತದೆ.

ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಕೂಡದು. ಅದು ಬೆಕ್ಕಿಗೆ ವಿಷ. ಗಾಯಕ್ಕೆ ಡೆಟಾಲ್ ಹಚ್ಚುವುದೂ ಅಪಾಯ. ಪ್ರತಿದಿನ ಎರಡು ಬಾರಿ ಹೊಲಿಗೆಯನ್ನು ನೋಡಿ. ಊತ, ಕೀವು, ದುರ್ವಾಸನೆ ಕಂಡರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಗಾಯ ಬಾಯಿಬಿಟ್ಟಿದ್ದರೆ ಬೆಳಗಾಗುವವರೆಗೆ ಕಾಯದೆ, ಶುಭ್ರವಾದ ಬಟ್ಟೆ ಮುಚ್ಚಿ, ಕಾಲರ್ ತೊಡಿಸಿಕೊಂಡೇ ಹೊರಡಬೇಕು.